ಮಹದೇವಪೇಟೆ ಇಳಿಜಾರಿನಲ್ಲಿ ನಡೆದು ನೋಡಿ ಕೊಂಡ ಚಪ್ಪಲಿ

ಮೊದಲೇ ಹೇಳಿಬಿಡುತ್ತೇನೆ, ಇದು ನೋಡಲು ಚೆಂದದ ಚಪ್ಪಲಿ ಅಲ್ಲ. ಕಂದು ಬಣ್ಣ, ಮುಂದೆ ಎರಡು ಅಗಲದ ಪಟ್ಟಿ, ಹಿಮ್ಮಡಿ ಸುತ್ತ ಇನ್ನೊಂದು ಪಟ್ಟಿ, ಮೂರಕ್ಕೂ ವೆಲ್ಕ್ರೋ. ಮಗಳು ಇದಕ್ಕೆ ‘ರಿಟೈರ್ಡ್ ಮೇಷ್ಟ್ರ ಚಪ್ಪಲಿ’ ಅಂತ ಹೆಸರಿಟ್ಟಿದ್ದಾಳೆ. ನನಗೆ 48, ರಿಟೈರ್ ಆಗಲು ಇನ್ನೂ ಬೇಕಾದಷ್ಟು ವರ್ಷ ಇದೆ, ಮೇಷ್ಟ್ರೂ ಅಲ್ಲ. ಆದರೆ ಕಳೆದ ವರ್ಷ ಮೇ ಕೊನೆಯಲ್ಲಿ ಮಡಿಕೇರಿಯ ಮಹದೇವಪೇಟೆಯಲ್ಲಿ 1,150 ರೂಪಾಯಿ ಕೊಟ್ಟು ಇದನ್ನು ತಂದೆ. ಒಂದು ಪೂರ್ತಿ ಮಳೆಗಾಲ ಕಳೆದು ಇನ್ನೊಂದರ ಅರ್ಧಕ್ಕೆ ಬಂದಿದ್ದೇನೆ. ಕೊಡಗಿನಲ್ಲಿ ಚಪ್ಪಲಿಯ ಬಗ್ಗೆ ಬರೆಯುವುದಾದರೆ ಕನಿಷ್ಠ ಒಂದು ಜುಲೈ ಆದರೂ ದಾಟಿರಬೇಕು. ಡಿಸೆಂಬರಿನಲ್ಲಿ ಕೊಂಡು ಜನವರಿಯಲ್ಲಿ ‘ಸೂಪರ್ ಆಗಿದೆ’ ಅಂತ ಐದು ಸ್ಟಾರ್ ಕೊಡುವವರನ್ನು ನಾನು ನಂಬುವುದಿಲ್ಲ.

ಕಂಪನಿ ಹೆಸರು ಹೇಳುತ್ತಿಲ್ಲ. ಹೇಳಿದರೆ ಜಾಹೀರಾತು ಅಂತೀರಿ, ಅದೂ ಅಲ್ಲದೆ ಇದೇ ಮಾಡೆಲ್ ಬರುವ ವರ್ಷ ಇರುತ್ತದೆ ಅನ್ನುವ ಭರವಸೆ ಇಲ್ಲ. ಕಲ್ಲಿಕೋಟೆ ಕಡೆಯಿಂದ ಬರುವ ಮಾಲು, ಅಷ್ಟು ಸಾಕು. ಹೆಸರಿಗಿಂತ ಇದನ್ನು ಹೇಗೆ ಆರಿಸಿದೆ ಅನ್ನುವುದೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರಬಹುದು, ಯಾಕೆಂದರೆ ಇದಕ್ಕೆ ಮುಂಚೆ ಮೂರು ವರ್ಷದಲ್ಲಿ ನಾಲ್ಕು ಜೊತೆಗೆ ದುಡ್ಡು ಸುರಿದಿದ್ದೇನೆ.

ಎಲ್ಲ ಶುರುವಾಗಿದ್ದು ಹಿಮ್ಮಡಿ ನೋವಿನಿಂದ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಹತ್ತು ಹೆಜ್ಜೆ ನಡೆದರೆ ಕಡಿಮೆ, ಸ್ವಲ್ಪ ಹೊತ್ತು ಕೂತು ಎದ್ದರೆ ಮತ್ತೆ ಅದೇ ಕಥೆ. ಡಾಕ್ಟರು ಇದಕ್ಕೆ ಪ್ಲಾಂಟರ್ ಫೇಶಿಯೈಟಿಸ್ ಅಂದರು. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ, ಪಾದದ ಕಮಾನನ್ನು ಹಿಡಿದು ನಿಲ್ಲಿಸುವುದು ಅದೇ. ವಯಸ್ಸು, ತೂಕ, ದಿನವಿಡೀ ನಿಂತು ಮಾಡುವ ಕೆಲಸ, ಸವೆದ ಚಪ್ಪಲಿ, ಎಲ್ಲ ಸೇರಿ ಅದಕ್ಕೆ ಪೆಟ್ಟು ಬೀಳುತ್ತದಂತೆ. ನಾನು ಮೂರ್ನಾಡು ಹತ್ತಿರ ಒಂದು ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ, ಗೊಬ್ಬರ ಬಂದ ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಸಿಮೆಂಟ್ ನೆಲದ ಮೇಲೆ ನಿಂತಿರಬೇಕು. ತೂಕ 82 ಕೆಜಿ. ಕಾಲಲ್ಲಿ ಎರಡು ವರ್ಷ ಸವೆಸಿ ಅಪ್ಪಳದ ಹಾಗೆ ಮಾಡಿದ್ದ ಹವಾಯಿ. ಇನ್ನೇನು ಬೇಕು?

ಮೀನಖಂಡ ಎಳೆಯುವ ವ್ಯಾಯಾಮ ಹೇಳಿಕೊಟ್ಟರು, ಮಾತ್ರೆ ಕೊಡಲಿಲ್ಲ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ ಅಂದರು. ಇದು ಹೇಳಲು ಸುಲಭ. ದೇವರ ದೀಪ ಇರುವ ನಡುಮನೆಯಲ್ಲಿ ಚಪ್ಪಲಿ ಹಾಕಿಕೊಂಡು ನಡೆದರೆ ಅಮ್ಮ ಬಿಡುತ್ತಾರಾ? ಅಡುಗೆ ಮನೆ, ಹಿಂದಿನ ಜಗುಲಿಗೆ ಮಾತ್ರ ಅಂತ ಒಂದು ಮೆತ್ತನೆಯ ಜೊತೆ ಇಟ್ಟುಕೊಂಡು ರಾಜಿ ಮಾಡಿಕೊಂಡೆವು.

ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ನೋವಿಗೆ ಮೆತ್ತಗಿರುವುದೇ ಮದ್ದು ಅಂದುಕೊಂಡು ಆನ್‌ಲೈನಲ್ಲಿ ಹುಡುಕಿ ಹುಡುಕಿ ಅತ್ಯಂತ ಮೆತ್ತನೆಯ ಸ್ಪೋರ್ಟ್ಸ್ ಶೂ ತರಿಸಿದೆ. ಒಳಗೆ ಮೆಮೊರಿ ಫೋಮ್, ಹಾಕಿದರೆ ಹತ್ತಿಯ ಮೇಲೆ ನಿಂತ ಹಾಗೆ. ಎರಡು ವಾರ ಸ್ವರ್ಗ. ಆಮೇಲೆ ಮಳೆ ಹಿಡಿಯಿತು. ಒಮ್ಮೆ ನೆನೆದ ಆ ಶೂ ಬಚ್ಚಲ ಹಂಡೆ ಒಲೆ ಹತ್ತಿರ ಇಟ್ಟರೂ ಮೂರು ದಿನ ಒಣಗಲಿಲ್ಲ. ಜಾಸ್ತಿ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ, ದೂರ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಪೇಪರ್ ತುರುಕಿದೆ, ಫ್ಯಾನ್ ಹಾಕಿದೆ, ವಾಸನೆ ಮಾತ್ರ ಹೋಗಲಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇಳಿಜಾರಿನದು. ನಮ್ಮ ಮನೆಯಿಂದ ರಸ್ತೆಗೆ ಇಳಿಯುವ ದಾರಿ ಕಡಿದು. ಮೆತ್ತನೆಯ ಶೂ ಒಳಗೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಹೋಗಿ ತುದಿಗೆ ಗುದ್ದುತ್ತಿತ್ತು. ತಿಂಗಳಾಗುವಷ್ಟರಲ್ಲಿ ಎಡಗಾಲಿನ ಉಗುರು ಕಪ್ಪಾಯಿತು. ಹಿಮ್ಮಡಿ ನೋವು ಹೋಗಲಿ ಅಂತ ಕೊಂಡ ಶೂ ಬೆರಳಿನ ನೋವು ಉಚಿತವಾಗಿ ಕೊಟ್ಟಿತು.

ಎರಡನೆಯದು ತೂತು ತೂತಿನ ಕ್ಲಾಗ್, ಅಂದರೆ ಬೆರಳು ಮುಚ್ಚುವ ದಪ್ಪ ಫೋಮ್ ಚಪ್ಪಲಿ. ಇದಕ್ಕೆ ನ್ಯಾಯವಾಗಿ ಹೇಳಬೇಕೆಂದರೆ, ನೀರು ಹೊಕ್ಕಷ್ಟೇ ಬೇಗ ಹೊರಗೆ ಹೋಗುತ್ತದೆ, ತೊಳೆದರೆ ಐದು ನಿಮಿಷದಲ್ಲಿ ಒಣಗುತ್ತದೆ. ಆದರೆ ನಾನು ಕೊಂಡ ಜೊತೆಯ ಅಟ್ಟೆ ಪಾಚಿ ಹಿಡಿದ ಮೆಟ್ಟಿಲ ಮೇಲೆ ಸೋಪಿನ ಹಾಗೆ ಜಾರುತ್ತಿತ್ತು. ಓಂಕಾರೇಶ್ವರ ದೇವಸ್ಥಾನದ ಹತ್ತಿರ ಒಂದು ಸಲ ಎರಡೂ ಕಾಲು ಮೇಲಾಗುವುದು ಸ್ವಲ್ಪದರಲ್ಲಿ ತಪ್ಪಿತು, ಕೊಡೆ ಊರಿ ಬಚಾವಾದೆ.

ಮೂರನೆಯದು ಕೊಲ್ಹಾಪುರಿ. ಧಾರವಾಡದ ಸ್ನೇಹಿತ ತನ್ನದನ್ನು ಹೊಗಳಿದ ಅಂತ ತರಿಸಿದೆ. ಹೆಸರು ಮಹಾರಾಷ್ಟ್ರದ್ದಾದರೂ 2019ರಲ್ಲಿ ಸಿಕ್ಕಿದ ಭೌಗೋಳಿಕ ಗುರುತಿನಲ್ಲಿ (ಇಂಥ ಸೀಮೆಯ ಮಾಲು ಅನ್ನುವ ಜಿಐ ಮಾನ್ಯತೆ) ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ, ಗೊತ್ತಾ? ಒಳ್ಳೆಯ ಚಪ್ಪಲಿ, ಒಣ ಸೀಮೆಯದು. ಇಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಹೊರಗೆ ತೆಗೆದು ಮೊದಲ ಮಳೆಗೆ ಒಳಗೆ ಇಡಬೇಕು. ನಾನು ಇಟ್ಟ ಜಾಗ ಸರಿ ಇರಲಿಲ್ಲ, ಕಕ್ಕಡ (ಕೊಡಗಿನಲ್ಲಿ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು) ಮುಗಿಯುವಾಗ ಅದರ ಮೇಲೆ ಹಸಿರು ತೋಟವೇ ಎದ್ದಿತ್ತು.

ನಾಲ್ಕನೆಯದು ತೋಟಕ್ಕೆ ಹಾಕುವ ಗಮ್‌ಬೂಟ್. ಅದು ಬೇರೆ ವಿಷಯ, ಕೆಸರಿಗೆ ಮತ್ತು ಹಾವಿನ ಭಯಕ್ಕೆ ಬೇಕೇ ಬೇಕು. ಜಿಗಣೆ ಮಾತ್ರ ಅದನ್ನೂ ಹತ್ತಿ ಮೇಲಿಂದ ಇಳಿಯುತ್ತದೆ. ದಿನವಿಡೀ ಹಾಕುವಂಥದ್ದಲ್ಲ ಅಂತಷ್ಟೇ ಹೇಳಿ ಬಿಡುತ್ತೇನೆ.

ಇಲ್ಲಿ ಭಾವನ ಕಥೆ ಹೇಳಲೇಬೇಕು. ಎರಡು ವರ್ಷದ ಹಿಂದೆ ಅವನು ದೊಡ್ಡ ಬೆಲೆಯ ಕಪ್ಪು ಶೂ ಕೊಂಡ, ನಾಲ್ಕು ಸಲ ಹಾಕಿ ಡಬ್ಬಿಯಲ್ಲೇ ಇಟ್ಟ. ಈ ವರ್ಷ ಗೋಣಿಕೊಪ್ಪದಲ್ಲಿ ಮದುವೆಗೆ ತೆಗೆದು ಹಾಕಿಕೊಂಡು ಬಂದ. ಮಂಟಪದ ಮೆಟ್ಟಿಲು ಹತ್ತುವಾಗ ಹಿಂದೆ ಬರುತ್ತಿದ್ದ ನಾನು ನೋಡುತ್ತೇನೆ, ಒಂದೊಂದು ಹೆಜ್ಜೆಗೂ ಕಪ್ಪು ರವೆಯಂಥದ್ದು ಉದುರುತ್ತಿದೆ. ಊಟಕ್ಕೆ ಕೂರುವ ಹೊತ್ತಿಗೆ ಅಟ್ಟೆಯೇ ಇಲ್ಲ. ಕಂಪನಿಯವರಿಗೆ ಬೈದದ್ದೇ ಬೈದದ್ದು. ಆದರೆ ಕಾರಣ ಬೇರೆ. ತುಂಬಾ ಶೂಗಳ ಅಟ್ಟೆ ಪಿಯು, ಅಂದರೆ ಪಾಲಿಯುರಿಥೇನ್. ಗಾಳಿಯ ತೇವ ಸೇರಿ ಸೇರಿ ಅದು ಒಳಗಿನಿಂದಲೇ ಒಡೆದು ಪುಡಿಯಾಗುತ್ತದೆ. ಹಾಕಿಕೊಂಡು ಓಡಾಡುವ ಶೂಗಿಂತ ಡಬ್ಬಿಯಲ್ಲಿ ಮುಚ್ಚಿಟ್ಟ ಶೂಗೇ ಇದು ಬೇಗ ಆಗುವುದು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರವರೆಗೆ ಕಪಾಟಿನಲ್ಲಿಟ್ಟ ಉಪ್ಪೇ ನೀರಾಗುತ್ತದೆ, ಇನ್ನು ಶೂ ಉಳಿಯುತ್ತದಾ? ಹಾಗಾಗಿ ‘ಒಳ್ಳೆಯದು ಇರಲಿ’ ಅಂತ ಎತ್ತಿಡುವ ಅಭ್ಯಾಸ ಇಲ್ಲಿ ನಷ್ಟದ ಬಾಬತ್ತು.

ಅಟ್ಟೆಯ ವಿಷಯ ಬಂದಾಗ ಇನ್ನೆರಡು ಮಾತು. ಇವಿಎ ಅನ್ನುವ ಫೋಮ್ ತುಂಬಾ ಹಗುರ, ಮೆತ್ತಗೆ, ಆದರೆ ಭಾರದ ಮನುಷ್ಯ ತುಳಿದರೆ ಕೆಲವು ತಿಂಗಳಲ್ಲಿ ಚಪ್ಪಟೆ. ರಬ್ಬರ್ ಭಾರ, ಆದರೆ ಒದ್ದೆ ನೆಲದಲ್ಲಿ ಹಿಡಿತ ಅದರದ್ದೇ. ಮೇಲೆ ಇವಿಎ, ನೆಲಕ್ಕೆ ತಾಗುವ ಕಡೆ ರಬ್ಬರ್ ಇರುವ ಜೊತೆ ಹುಡುಕಿ ಅಂತ ಹೇಳಿದ್ದು ಡಾಕ್ಟರಲ್ಲ, ಮಹದೇವಪೇಟೆಯ ಅಂಗಡಿಯವರು.

ಆ ಅಂಗಡಿಗೆ ನಾನು ಹೋಗಿದ್ದು ಸಂಜೆ ಐದೂವರೆಗೆ, ಬೇಕಂತಲೇ. ದಿನವಿಡೀ ನಡೆದು ನಿಂತು ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿ ಹೋದದ್ದು ಸಂಜೆ ಬಿಗಿಯುತ್ತದೆ. ಎಂಟನೇ ನಂಬರ್ ಕೊಡಿ ಅಂದೆ. ಮೂವತ್ತು ವರ್ಷದಿಂದ ನನ್ನದು ಎಂಟೇ. ಅವರು ಮಾತಾಡದೆ ಅಳತೆ ಹಲಗೆ ತಂದು ಕಾಲು ಇಡಿ ಅಂದರು. ಬಲಗಾಲು ಎಂಟೂವರೆ, ಎಡಗಾಲು ಒಂಬತ್ತಕ್ಕೆ ಹತ್ತಿರ. ವಯಸ್ಸಾದ ಹಾಗೆ ಕಮಾನು ಇಳಿದು ಪಾದ ಉದ್ದ, ಅಗಲ ಎರಡೂ ಆಗುತ್ತದೆ, ನಿಮ್ಮದು ಕಾಲೇಜಿನ ನಂಬರ್ ಅಂತ ನಕ್ಕರು. ಸ್ವಲ್ಪ ನಾಚಿಕೆಯಾಯಿತು. ಸೊಂಟದ ಅಳತೆ ಮಾತ್ರ ಬದಲಾಗಿದೆ ಅಂದುಕೊಂಡಿದ್ದೆ.

ನಮ್ಮಲ್ಲಿ ನಡೆಯುವುದು ಇಂಗ್ಲೆಂಡಿನ ನಂಬರ್. ಒಂದಕ್ಕೂ ಇನ್ನೊಂದಕ್ಕೂ ಅಂತರ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರ್. ಹಳೆಯ ಕಾಲದಲ್ಲಿ ಅಲ್ಲಿ ಬಾರ್ಲಿ ಕಾಳಿನ ಉದ್ದದಲ್ಲಿ ಅಳೆಯುತ್ತಿದ್ದರು, ಅದೇ ಉಳಿದುಕೊಂಡಿದೆ. ಉದ್ದ ಹೇಗೋ ಆಯಿತು, ಅಗಲಕ್ಕೆ ನಂಬರೇ ಇಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನರ ಪಾದ ಅಳೆದು, ನಮ್ಮ ಪಾದ ಯುರೋಪಿನವರದ್ದಕ್ಕಿಂತ ಅಗಲ ಅಂತ ಕಂಡುಕೊಂಡು ‘ಭಾ’ ಅನ್ನುವ ಹೊಸ ಅಳತೆ ಪದ್ಧತಿ ಸೂಚಿಸಿದ್ದಾರೆ. ಅದು ಅಂಗಡಿಗೆ ಬರುವವರೆಗೆ ನಾವು ಅಗಲ ಸಾಲದ್ದಕ್ಕೆ ಉದ್ದ ಜಾಸ್ತಿ ತೆಗೆದುಕೊಂಡು, ಆಮೇಲೆ ಹಿಮ್ಮಡಿ ಕಳಚುತ್ತದೆ ಅಂತ ಗೊಣಗುತ್ತಿರಬೇಕು. ಪಟ್ಟಿಯ ಚಪ್ಪಲಿಯಲ್ಲಿ ಈ ಜಗಳ ಇಲ್ಲ, ವೆಲ್ಕ್ರೋ ಸಡಿಲ ಮಾಡಿದರೆ ಅಗಲ ಸಿಕ್ಕಿತು, ಹಿಂದಿನದು ಬಿಗಿ ಮಾಡಿದರೆ ಹಿಮ್ಮಡಿ ನಿಂತಿತು.

ಒಂಬತ್ತನೇ ನಂಬರ್ ಹಾಕಿ ಅಂಗಡಿಯ ಗ್ರಾನೈಟ್ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು ‘ಸರಿ ಇದೆ’ ಅಂದೆ. ಅವರು ಬಿಡಲಿಲ್ಲ. ಹೊರಗೆ ಹೋಗಿ ಇಳಿದು ಹತ್ತಿ ಬನ್ನಿ ಅಂದರು. ಹೊಸ ಚಪ್ಪಲಿ, ದುಡ್ಡು ಕೊಟ್ಟಿಲ್ಲ, ಹೊರಗೆ ಸಣ್ಣ ಮಳೆ. ನಾನೇ ಹಿಂದೆ ಮುಂದೆ ನೋಡಿದೆ. ‘ಓಡಿ ಹೋಗುವವರು ಈ ಬಣ್ಣದ ಚಪ್ಪಲಿ ಕದಿಯುವುದಿಲ್ಲ, ಹೋಗಿ’ ಅಂದರು. ಮಹದೇವಪೇಟೆಯ ಇಳಿಜಾರು ನಿಮಗೆ ಗೊತ್ತಲ್ಲ. ಐವತ್ತು ಹೆಜ್ಜೆ ಇಳಿದೆ. ಬೆರಳು ಮುಂದಕ್ಕೆ ಜಾರಲಿಲ್ಲ, ಹೆಬ್ಬೆರಳಿನ ಮುಂದೆ ಒಂದು ಬೆರಳು ಅಗಲದ ಜಾಗ ಹಾಗೇ ಉಳಿಯಿತು. ಹತ್ತುವಾಗ ಹಿಮ್ಮಡಿ ಕಳಚಲಿಲ್ಲ. ಒದ್ದೆ ಚಪ್ಪಡಿಯ ಮೇಲೆ ಬೇಕಂತಲೇ ಕಾಲು ಉಜ್ಜಿದೆ, ಹಿಡಿಯಿತು.

ವಾಪಸ್ ಬಂದ ಮೇಲೆ ಅವರು ಇನ್ನೊಂದು ತೋರಿಸಿದರು. ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳಿನ ಬುಡದಲ್ಲಿ ಮಾತ್ರ ಬಗ್ಗಬೇಕು, ನಡುವೆ ಮಡಚಿಕೊಂಡರೆ ಅದು ಕಮಾನಿಗೆ ಆಸರೆ ಕೊಡುವುದಿಲ್ಲ. ಹಿಮ್ಮಡಿ ಕೂರುವ ಜಾಗವನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಸ್ವಲ್ಪ ಇಳಿದು ವಾಪಸ್ ಬರಬೇಕು, ಪೂರ್ತಿ ತಳ ಮುಟ್ಟಬಾರದು. ನನ್ನ ಆ ಹತ್ತಿಯಂಥ ಶೂ ಮನೆಗೆ ಹೋಗಿ ಬಗ್ಗಿಸಿ ನೋಡಿದೆ, ಚಪಾತಿ ಸುತ್ತಿದ ಹಾಗೆ ಸುತ್ತಿಕೊಂಡಿತು.

ಈಗ ಹದಿನಾಲ್ಕು ತಿಂಗಳ ಲೆಕ್ಕ. ಹಿಮ್ಮಡಿ ನೋವು ಮೂರು ತಿಂಗಳಲ್ಲಿ ಬಹಳ ಕಡಿಮೆಯಾಯಿತು. ವ್ಯಾಯಾಮದ ಪಾಲೂ ಇದೆ, ಎಲ್ಲವನ್ನೂ ಚಪ್ಪಲಿಯ ಖಾತೆಗೆ ಬರೆಯುವುದಿಲ್ಲ. ಮಳೆಯಲ್ಲಿ ನೆನೆದರೆ ಒರೆಸಿ ಜಗುಲಿಯಲ್ಲಿ ನೇತು ಹಾಕುತ್ತೇನೆ, ಬೆಳಿಗ್ಗೆಗೆ ಹಾಕುವ ಹಾಗಿರುತ್ತದೆ. ಬಿಚ್ಚಿ ಹಾಕಲು ಸುಲಭ. ಇದು ಸಣ್ಣ ವಿಷಯ ಅಲ್ಲ, ಒಂದು ದಿನ ಎಣಿಸಿ ನೋಡಿದೆ: ಮನೆ, ನೆರೆಮನೆ, ದೇವಸ್ಥಾನ, ಕ್ಲಿನಿಕ್, ತಿಥಿ ಮನೆ, ಎಲ್ಲ ಸೇರಿ ಹನ್ನೊಂದು ಸಲ ಬಿಚ್ಚಿದ್ದೆ. ಲೇಸಿನ ಶೂ ಹಾಕುವವರು ಬಗ್ಗಿ ಏಳುವುದರಲ್ಲೇ ಸೊಂಟ ಹಿಡಿಸಿಕೊಳ್ಳುತ್ತಾರೆ.

ಬೈಗುಳವೂ ಇದೆ. ಮೊದಲ ವಾರ ಹಿಂದಿನ ಪಟ್ಟಿ ಕಚ್ಚಿ ಗುಳ್ಳೆ ಎದ್ದಿತು. ಮಣ್ಣು ರಸ್ತೆಯಲ್ಲಿ ಸಣ್ಣ ಕಲ್ಲು ಒಳಗೆ ಸೇರಿದರೆ ಒಂಟಿ ಕಾಲಲ್ಲಿ ನಿಂತು ಕೊಡವಬೇಕು. ವೆಲ್ಕ್ರೋಗೆ ಕೆಸರು ಮೆತ್ತಿಕೊಂಡರೆ ಹಿಡಿಯುವುದಿಲ್ಲ, ವಾರಕ್ಕೊಮ್ಮೆ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು. ಡಿಸೆಂಬರ್ ಬೆಳಿಗ್ಗೆ ಬೆರಳು ಮರಗಟ್ಟುತ್ತದೆ. ತೋಟಕ್ಕೆ ಹಾಕಿಕೊಂಡು ಹೋದರೆ ಜಿಗಣೆಗೆ ಬಾಗಿಲು ತೆರೆದಿಟ್ಟ ಹಾಗೆ, ಆ ತಪ್ಪು ಒಂದೇ ಸಲ ಮಾಡಿದೆ. ಒದ್ದೆಯಾದಾಗ ‘ಪಚ್ ಪಚ್’ ಅಂತ ಸದ್ದು ಬೇರೆ, ಸಂಘದ ಮೀಟಿಂಗಿಗೆ ತಡವಾಗಿ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಮದುವೆಗೆ ಹಾಕಲು ಹೆಂಡತಿ ಬಿಡುವುದಿಲ್ಲ, ಸರಿಯೇ.

ಹತ್ತನೇ ತಿಂಗಳಲ್ಲಿ ಎಡಗಾಲಿನ ಪಟ್ಟಿಯ ಹೊಲಿಗೆ ಬಿಟ್ಟಿತು. ಚಪ್ಪಲಿ ಹೊಲಿಯುವವರ ಹತ್ತಿರ ಮೂವತ್ತು ರೂಪಾಯಿಗೆ ದಪ್ಪ ದಾರದಲ್ಲಿ ಹೊಲಿಸಿದೆ, ಈಗ ಕಂಪನಿ ಹೊಲಿಗೆಗಿಂತ ಅದೇ ಗಟ್ಟಿ. ಅಟ್ಟೆಯ ಗೀರುಗಳು ಹಿಮ್ಮಡಿಯ ಹೊರಗಡೆ ಸವೆದಿವೆ, ಇನ್ನೊಂದು ನಾಲ್ಕೈದು ತಿಂಗಳು ಬರಬಹುದು.

ಕಪ್ಪು ಉಗುರು ಅಂತೂ ಪೂರ್ತಿ ಬೆಳೆದು ಹೋಯಿತು. ಮೊನ್ನೆ ಇನ್ನೊಂದು ಜೊತೆ ಈಗಲೇ ತೆಗೆದಿಡೋಣ ಅಂತ ಅದೇ ಅಂಗಡಿಗೆ ಹೋದೆ, ಆರು ಮತ್ತು ಹತ್ತು ಮಾತ್ರ ಉಳಿದಿತ್ತು. ‘ಈಗ ತೆಗೆದು ಡಬ್ಬಿಯಲ್ಲಿ ಇಡುವುದು ಯಾಕೆ, ಇದು ಸವೆಯಲಿ’ ಅಂತ ಅವರೇ ಅಂದರು. ಹೊಸ ಮಾಲು ಮಳೆ ಕಳೆದ ಮೇಲೆ ಬರುತ್ತದಂತೆ. ಶುಕ್ರವಾರ ಸಂತೆಗೆ ಹೋದಾಗಲೆಲ್ಲ ಇಣುಕಿ ನೋಡಿಕೊಂಡು ಬರುತ್ತೇನೆ.