ಎರಡು ವಾರದ ಮಾಲಿಕ್ಯುಲರ್ ಬಯಾಲಜಿ ಕೋರ್ಸ್: ಪಿಎಚ್‌ಡಿ ಮೊದಲ ವರ್ಷದಲ್ಲೇ ಹೋಗಿ, ವೆಸ್ಟರ್ನ್ ಬ್ಲಾಟ್ ಆಸೆ ಮಾತ್ರ ಬಿಡಿ

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಪಿಎಚ್‌ಡಿ ವಿದ್ಯಾರ್ಥಿಗಳಿಗಾಗಿ ನಡೆಸುವ ಎರಡು ವಾರದ ಟೆಕ್ನಿಕ್ಸ್ ಕೋರ್ಸ್ ಮುಗಿಸಿ ಬಂದಿದ್ದೇನೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈಗುಳವೂ ಇದೆ. ಇಂಥ ಕೋರ್ಸುಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನವು. ಬೇರೆ ಕಡೆ ಅರ್ಜಿ ಹಾಕುವವರಿಗೂ ಉಪಯೋಗಕ್ಕೆ ಬರಬಹುದು.

ಪ್ರೋಟೋಕಾಲ್ ಕಲಿಯುವುದಕ್ಕಾದರೆ ಇಷ್ಟು ದೂರ ಹೋಗಬೇಕಾಗಿಲ್ಲ. ಅದು ಕಿಟ್ ಡಬ್ಬಿಯೊಳಗೇ ಮಡಚಿ ಇಟ್ಟಿರುತ್ತದೆ, ಯೂಟ್ಯೂಬ್‌ನಲ್ಲೂ ಬೇಕಾದಷ್ಟಿದೆ. ಆದರೆ ರಿಸಲ್ಟ್ ಕೆಟ್ಟಾಗ ಎಲ್ಲಿ ಕೆಟ್ಟಿತು ಅಂತ ಹುಡುಕುವುದನ್ನು ಯಾರು ಹೇಳಿಕೊಡುತ್ತಾರೆ? ಲ್ಯಾಬ್‌ನಲ್ಲಿ ಸೀನಿಯರ್ "ಇನ್ನೊಂದ್ಸಲ ಹಾಕು" ಅಂತಾರೆ, ಮುಗೀತು. ಇಲ್ಲಿ ಅದನ್ನೇ ಕೂರಿಸಿಕೊಂಡು ಹೇಳಿಕೊಟ್ಟರು. ನನ್ನ ಮಟ್ಟಿಗೆ ಕೊಟ್ಟ ದುಡ್ಡು ಅಲ್ಲಿಗೇ ಸರಿಹೋಯಿತು.

ಶುರುವಾಗಿದ್ದು ಪಿಪೆಟ್‌ನಿಂದ. ವರ್ಷಗಟ್ಟಲೆ ಪಿಪೆಟ್ ಹಿಡಿದವರೂ ಬ್ಯಾಚಿನಲ್ಲಿದ್ದರು, ಇದೆಲ್ಲ ಸುಮ್ನೆ ಟೈಮ್ ವೇಸ್ಟ್ ಅಂತ ಮುಖ ಮಾಡಿಕೊಂಡು ನಿಂತಿದ್ದರು. 10 ಮೈಕ್ರೋಲೀಟರ್ ನೀರು ತೆಗೆದು ಬ್ಯಾಲೆನ್ಸ್ ಮೇಲೆ ಹಾಕಿ ಎಂದರು. 1 ಮೈಕ್ರೋಲೀಟರ್ ನೀರಿನ ತೂಕ ಸುಮಾರು 1 ಮಿಲಿಗ್ರಾಂ, ಹಾಗಾಗಿ 10 ಮಿಲಿಗ್ರಾಂ ಬರಬೇಕು. ಒಬ್ಬರಿಗೆ 8, ಅವರಿಗೇ ಮತ್ತೆ ಹಾಕಿದರೆ 11. ಆಮೇಲೆ ಯಾರೂ ಮುಖ ಸಿಂಡರಿಸಲಿಲ್ಲ. ಒಂದೇ ಸ್ಯಾಂಪಲ್‌ನ ಮೂರು ರೆಪ್ಲಿಕೇಟ್ ಮೂರು ಥರ ಬಂದಾಗ ಮಷೀನಿಗೆ ಬೈಯುವವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಕೋರ್ಸಿನ ಜೀವ ಇರುವುದು ಪಿಸಿಆರ್, ಅಂದರೆ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಭಾಗದಲ್ಲಿ. ಮೊದಲು ಎಲ್ಲರಿಗೂ ಸರಿಯಾದ ಮಿಕ್ಸ್ ಕೊಟ್ಟು, ಡಿಎನ್‌ಎಯನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದರು, ನೀಟಾಗಿ ಒಂದೊಂದೇ ಬ್ಯಾಂಡ್ ಬಂತು, ಎಲ್ಲರೂ ಖುಷಿಯಾಗಿ ಫೋಟೋ ತೆಗೆದುಕೊಂಡರು. ಮಾರನೇ ದಿನ ಒಂದೊಂದು ಗುಂಪಿಗೆ ಬೇಕಂತಲೇ ಕೆಡಿಸಿದ ಟ್ಯೂಬ್‌ಗಳನ್ನು ಕೊಟ್ಟು, ಏನು ಕೆಟ್ಟಿದೆ ಅಂತ ಸಂಜೆಯೊಳಗೆ ಹೇಳಿ ಎಂದರು. ಒಂದು ಗುಂಪಿನ ಬಫರ್‌ನಲ್ಲಿ ಮೆಗ್ನೀಸಿಯಂ ಇರಲಿಲ್ಲ, ಅದಿಲ್ಲದೆ ನಕಲು ಮಾಡುವ ಕಿಣ್ವ ಪಾಲಿಮರೇಸ್ ಕೆಲಸವನ್ನೇ ಮಾಡುವುದಿಲ್ಲ, ಜೆಲ್ ಖಾಲಿ. ಇನ್ನೊಂದು ಗುಂಪಿಗೆ ಅನೀಲಿಂಗ್ ತಾಪಮಾನ (ನಕಲು ಶುರುಮಾಡುವ ಪುಟ್ಟ ಡಿಎನ್‌ಎ ತುಣುಕಾದ ಪ್ರೈಮರ್ ಅಂಟಿಕೊಳ್ಳುವ ತಾಪಮಾನ) ತೀರಾ ಇಳಿಸಿದ್ದರು, ಬೇಡದ ಬ್ಯಾಂಡ್‌ಗಳೆಲ್ಲ ಸಾಲಾಗಿ ಎದ್ದು ನಿಂತಿದ್ದವು. ನಮ್ಮದರಲ್ಲಿ ಬ್ಯಾಂಡ್ ಚೆನ್ನಾಗಿತ್ತು, ಆದರೆ ಟೆಂಪ್ಲೇಟ್ (ನಕಲು ಆಗಬೇಕಾದ ಮೂಲ ಡಿಎನ್‌ಎ) ಹಾಕದ ಕಂಟ್ರೋಲ್‌ನಲ್ಲೂ ಅಷ್ಟೇ ಚೆನ್ನಾಗಿತ್ತು! ನೀರಿನಲ್ಲೇ ಡಿಎನ್‌ಎ ಸೇರಿಸಿ ಇಟ್ಟಿದ್ದರಂತೆ. ಕಂಟ್ರೋಲ್ ಲೇನ್ ದಂಡ ಅಂತ ಅದನ್ನು ಬಿಡುವ ಲ್ಯಾಬ್‌ಗಳು ನಮ್ಮಲ್ಲಿ ಎಷ್ಟಿವೆ ಅಂತ ಎಲ್ಲರಿಗೂ ಗೊತ್ತು. ಆ ಲೇನ್ ಇಲ್ಲದಿದ್ದರೆ ನಾವು ಆ ಜೆಲ್ಲನ್ನು ಥೀಸಿಸ್‌ಗೇ ಹಾಕುತ್ತಿದ್ದೆವು.

ಆರ್‌ಎನ್‌ಎ ವಿಷಯದಲ್ಲೂ ಇದೇ ದಾರಿ. ಶುದ್ಧತೆ ಅಳೆಯುವ 260/280 ರೇಷಿಯೋ (ಆ ಎರಡು ತರಂಗಾಂತರಗಳಲ್ಲಿ ಬೆಳಕು ಹೀರುವ ಅನುಪಾತ) 2ರ ಹತ್ತಿರ ಬಂದರೆ ಸಾಕು ಅಂತ ನಾವೆಲ್ಲ ನಿಲ್ಲಿಸಿಬಿಡುತ್ತೇವೆ. ಪಕ್ಕದ 260/230 ಯಾಕೆ ಅಷ್ಟು ಕೆಳಗಿದೆ ಅಂತ ಕೇಳಿದರು. ಆರ್‌ಎನ್‌ಎ ತೆಗೆಯಲು ಬಳಸುವ ಟ್ರೈಜಾಲ್‌ನ ಗ್ವಾನಿಡಿನ್ ಉಳಿದುಕೊಂಡರೆ ಹಾಗಾಗುತ್ತದೆ, ಜಾಸ್ತಿ ಉಳಿದರೆ ಮುಂದಿನ ಸಿಡಿಎನ್‌ಎ (ಆರ್‌ಎನ್‌ಎಯಿಂದ ಮಾಡುವ ಡಿಎನ್‌ಎ ಪ್ರತಿ) ಮಾಡುವ ಹಂತಕ್ಕೇ ಅಡ್ಡಗಾಲು. ಎಥನಾಲ್ ವಾಶ್ ಇನ್ನೊಂದು ಸಲ ಕೊಟ್ಟು ಅಲ್ಲೇ ಸರಿ ಮಾಡಿ ತೋರಿಸಿದರು. ಕ್ಯೂಪಿಸಿಆರ್‌ನಲ್ಲಿ (ಎಷ್ಟು ಡಿಎನ್‌ಎ ಇದೆ ಅಂತ ಅಳೆಯುವ ಪಿಸಿಆರ್) ಸ್ಯಾಂಪಲ್ ಮುಟ್ಟುವ ಮೊದಲೇ ಸ್ಟ್ಯಾಂಡರ್ಡ್ ಕರ್ವ್ ಹಾಕಿಸಿದರು. ಹತ್ತು ಪಟ್ಟು ತೆಳು ಮಾಡಿದಾಗೆಲ್ಲ ಸಿಟಿ ವ್ಯಾಲ್ಯೂ (ಸಿಗ್ನಲ್ ಕಾಣಿಸಿಕೊಳ್ಳುವ ಸುತ್ತು) ಸುಮಾರು 3.3 ಏರಬೇಕು, ಎಫಿಶಿಯೆನ್ಸಿ (ಪ್ರತಿ ಸುತ್ತಿಗೆ ಪೂರ್ತಿ ದುಪ್ಪಟ್ಟಾದರೆ 100) 90ರಿಂದ 110 ಪರ್ಸೆಂಟ್ ಒಳಗಿರಬೇಕು, ಇಲ್ಲದಿದ್ದರೆ ಆ ಪ್ರೈಮರ್ ಕಸದ ಬುಟ್ಟಿಗೆ. ಎಫಿಶಿಯೆನ್ಸಿ ಎಷ್ಟು ಅಂತ ವರದಿ ಮಾಡಿ ಎನ್ನುವ ಎಂಐಕ್ಯುಇ ಗೈಡ್‌ಲೈನ್ಸ್ (ಕ್ಯೂಪಿಸಿಆರ್ ಪ್ರಕಟಣೆಯ ಮಾರ್ಗಸೂಚಿ) ಬಂದಿದ್ದು 2009ರಲ್ಲಿ. ನಮ್ಮ ಕಡೆ ಇನ್ನೂ ಕಣ್ಣು ಮುಚ್ಚಿಕೊಂಡು ಗ್ಯಾಪ್‌ಡಿಎಚ್ ಜೀನ್ ಒಂದನ್ನೇ ರೆಫರೆನ್ಸ್ (ಹೋಲಿಕೆಯ ಅಳತೆಗೋಲು) ಅಂತ ಹಾಕುತ್ತಾರೆ, ಅದು ನಮ್ಮ ಟಿಶ್ಯೂನಲ್ಲಿ ಏರಿಳಿಯುತ್ತದಾ ಅಂತ ಕೇಳುವವರಿಲ್ಲ.

ಪಾಠ ಮಾಡಿದವರು ಒಳ್ಳೆಯವರೇ. ಆದರೂ ನನಗೆ ಜಾಸ್ತಿ ಕಲಿಸಿದವರು ಅಲ್ಲಿನ ಟೆಕ್ನಿಶಿಯನ್. ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ಜೆಲ್ ಮಾಡುವ ಕರಗಿದ ಅಗರೋಸ್ ಯಾವಾಗ ಸುರಿಯಬೇಕು ಅಂದರೆ, "ಫ್ಲಾಸ್ಕ್ ಕೈಯಲ್ಲಿ ಹಿಡಿಯೋಕಾದ್ರೆ ಸುರಿಯಮ್ಮ, ಸುಟ್ರೆ ಇನ್ನೂ ತಡಿ" ಎಂದರು. ಥರ್ಮಾಮೀಟರ್ ಹುಡುಕುವ ಕೆಲಸ ತಪ್ಪಿತು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳೋಕೆ ಹಿಂಜರಿಯುವ ನಮ್ಮಂಥವರು ಅವರ ಸುತ್ತಲೇ ಇರುತ್ತಿದ್ದೆವು.

ಈಗ ಬೈಗುಳ. ವೆಸ್ಟರ್ನ್ ಬ್ಲಾಟ್ (ಜೆಲ್‌ನಿಂದ ಪ್ರೋಟೀನನ್ನು ಪೊರೆಗೆ ವರ್ಗಾಯಿಸಿ ಆಂಟಿಬಾಡಿಯಿಂದ ಗುರುತಿಸುವುದು) ಪೂರ್ತಿ ದಂಡ. ಇಡೀ ಬ್ಯಾಚಿಗೆ ಎರಡೇ ಟ್ರಾನ್ಸ್‌ಫರ್ ಟ್ಯಾಂಕ್, ಮುಂದೆ ನಿಂತವರು ಮಾಡಿದರು, ಹಿಂದಿನವರು ಅವರ ಬೆನ್ನು ನೋಡಿದರು. ಫಾಸ್ಫೇಟ್ ಅಂಟಿದ ಪ್ರೋಟೀನನ್ನು ಗುರುತಿಸುವ ಫಾಸ್ಫೋ ಆಂಟಿಬಾಡಿ ಹಾಕುವಾಗ ಹಾಲಿನ ಪುಡಿಯಲ್ಲಿ ಬ್ಲಾಕ್ ಮಾಡಬಾರದು (ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಪೊರೆಯನ್ನು ಮೊದಲೇ ಮುಚ್ಚುವುದೇ ಬ್ಲಾಕ್), ಹಾಲಿನ ಕೇಸೀನ್ ಕೂಡ ಫಾಸ್ಫೋಪ್ರೋಟೀನ್ ಆದ್ದರಿಂದ ಬ್ಯಾಕ್‌ಗ್ರೌಂಡ್ ಏರಬಹುದು, ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಬಳಸಿ ಅನ್ನುವ ಒಂದು ಮಾತು ಬಿಟ್ಟರೆ ಆ ಭಾಗದಿಂದ ನನಗೇನೂ ಸಿಗಲಿಲ್ಲ. ಜೀನ್ ತಿದ್ದುವ ಕ್ರಿಸ್ಪರ್ ಅಂತೂ ಬ್ರೋಷರ್‌ನಲ್ಲಿ ಪ್ರಾಕ್ಟಿಕಲ್ ಅಂತ ಇತ್ತು, ಆಗಿದ್ದು ಸ್ಲೈಡ್ ಶೋ. ಪಿಸಿಆರ್ ಚರಿತ್ರೆಗೆ ಮಾತ್ರ ಧಾರಾಳವಾಗಿ ಸಮಯ ಇತ್ತು. 1983ರಲ್ಲಿ ಕ್ಯಾರಿ ಮುಲ್ಲಿಸ್, 1993ರಲ್ಲಿ ನೊಬೆಲ್, ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಟ್ಯಾಕ್ ಪಾಲಿಮರೇಸ್: ಎಂಎಸ್ಸಿಯಲ್ಲಿ ಬಾಯಿಪಾಠ ಮಾಡಿದ್ದನ್ನೇ ಮತ್ತೆ ಕೇಳಿಸಿದರು. ಆ ಹೊತ್ತನ್ನು ಬ್ಲಾಟ್‌ಗೆ ಕೊಡಬಹುದಿತ್ತು.

ಊಟ ಪರವಾಗಿಲ್ಲ. ಹಾಸ್ಟೆಲ್‌ನಲ್ಲಿ ಸೊಳ್ಳೆ.

ಫೀಸು ಸ್ವಲ್ಪ ಭಾರವೇ. 2023ರಿಂದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ ಆಗಿದೆ, ಅದು ಬರುವವರು ಹೇಗೋ ಹೊಂದಿಸುತ್ತಾರೆ. ಫೆಲೋಶಿಪ್ ಇಲ್ಲದೆ ಗೆಸ್ಟ್ ಲೆಕ್ಚರರ್ ಕೆಲಸ ಮಾಡಿಕೊಂಡು ಪಿಎಚ್‌ಡಿ ಮಾಡುವವರಿಗೆ ಕಷ್ಟ. ರಿಯಾಯಿತಿ ಇದೆಯಾ ಅಂತ ಮೇಲ್ ಹಾಕಿ ಕೇಳಿ, ನಮ್ಮ ಬ್ಯಾಚಿನಲ್ಲಿ ಕೇಳಿದವರಿಗೆ ಸಿಕ್ಕಿತು, ಕೇಳದವರು ಪೂರ್ತಿ ಕಟ್ಟಿದರು.

ಹೋಗುವುದಾದರೆ ಮೊದಲ ವರ್ಷದಲ್ಲೇ ಹೋಗಿ. ಮೂರನೇ ವರ್ಷದಲ್ಲಿ ಹೋದರೆ ಅರ್ಧ ಗೊತ್ತಿರುತ್ತದೆ, ಇನ್ನರ್ಧಕ್ಕೆ ಸಂಬಂಧಿಸಿದ ಡೇಟಾ ಆಗಲೇ ಬರೆದು ಮುಗಿದಿರುತ್ತದೆ. ಸ್ವಂತ ಸ್ಯಾಂಪಲ್ ತರೋಕೆ ಬಿಡುವುದಿಲ್ಲ, ಆದರೆ ನಿಮ್ಮ ಕೆಟ್ಟ ಜೆಲ್‌ಗಳ ಫೋಟೋ ಮತ್ತು ಪ್ರೈಮರ್ ಸೀಕ್ವೆನ್ಸ್‌ಗಳನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಟೀ ಹೊತ್ತಲ್ಲಿ ತೋರಿಸಿದರೆ ಯಾರೂ ಇಲ್ಲ ಅನ್ನುವುದಿಲ್ಲ. ದುಡ್ಡು ಕಟ್ಟುವ ಮೊದಲು ಒಂದು ಉಪಕರಣಕ್ಕೆ ಎಷ್ಟು ಜನ ಅಂತಲೂ ಕೇಳಿಬಿಡಿ. ನಾಲ್ಕಕ್ಕಿಂತ ಜಾಸ್ತಿ ಅಂದರೆ ಮುಂದಿನ ಬ್ಯಾಚಿಗೆ ಕಾಯುವುದೇ ವಾಸಿ.