ಸಿಂಗಪುರದ ಕೊನೆಯ ದಿನ: ಮುಸ್ತಫಾ ಅಂಗಡಿಯೋ, ಚಾಂಗಿಯ ಜಲಪಾತವೋ?

ಸಿಂಗಪುರಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ. ಎರಡು ಸಲವೂ ವಾಪಸ್ ವಿಮಾನ ರಾತ್ರಿಯದು, ಹೋಟೆಲ್ ರೂಮು ಮಾತ್ರ ಬೆಳಿಗ್ಗೆ 11ಕ್ಕೇ ಖಾಲಿ ಮಾಡಬೇಕು. ನಡುವಿನ ಎಂಟು-ಒಂಬತ್ತು ಗಂಟೆ ಏನು ಮಾಡೋದು? 2018ರಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಆ ದಿನವನ್ನು ಲಿಟಲ್ ಇಂಡಿಯಾದ ಮುಸ್ತಫಾ ಸೆಂಟರ್‌ಗೆ ಕೊಟ್ಟೆವು. 2024ರಲ್ಲಿ ಅವ್ವ, ಮಗಳೂ ಜೊತೆಗಿದ್ದರು. ಮಧ್ಯಾಹ್ನವೇ ಚಾಂಗಿ ವಿಮಾನ ನಿಲ್ದಾಣಕ್ಕೆ ಹೋಗಿ ಅಲ್ಲಿನ ಜ್ಯುವೆಲ್ ಅನ್ನೋ ಮಾಲ್‌ನಲ್ಲಿ ಕೂತುಬಿಟ್ಟೆವು.

ಮೊದಲು ಮುಸ್ತಫಾ. ಊರಿನವರು ತರೋಕೆ ಹೇಳಿದ ಸಾಮಾನಿನ ಪಟ್ಟಿ ನಿಮ್ಮ ಕಿಸೆಯಲ್ಲಿದ್ದರೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಚಿನ್ನ, ವಾಚು, ಚಾಕಲೇಟು, ಸೂಟ್‌ಕೇಸು, ಬೇಳೆ, ಉಪ್ಪಿನಕಾಯಿ, ಎಲ್ಲಾ ಒಂದೇ ಸೂರಿನಡಿ. ನಮ್ಮ ಪಟ್ಟಿಯಲ್ಲಿ ಜಾಸ್ತಿ ಇದ್ದದ್ದು ಕೊಡಲಿ ಚಿತ್ರದ ತಲೆನೋವಿನ ಎಣ್ಣೆ. ಅದು ಸಿಂಗಪುರದ್ದೇ. ಬೆರಳುದ್ದದ ಹಸಿರು ಸೀಸೆ. ಅತ್ತಿಗೆಗೆ ಎರಡು, ಚಿಕ್ಕಪ್ಪನಿಗೆ ಎರಡು, ಪಕ್ಕದ ಮನೆಗೆ ಒಂದು ಅಂತ ಎಣಿಸಿ ಎರಡು ಡಜನ್ ಹಾಕಿಸಿದೆವು.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವನು. ಬಟ್ಟೆ ವಿಭಾಗದಲ್ಲಿ ಒಂದು ಪ್ಯಾಂಟ್ ತಿರುವಿ ಜೇಬಿನ ಮೂಲೆಯ ಬಾರ್‌ಟ್ಯಾಕ್, ಅಂದರೆ ಕಿತ್ತು ಬರದಂತೆ ಹಾಕುವ ಗಟ್ಟಿ ಹೊಲಿಗೆ, ನೋಡ್ತಾ ನಿಂತಿದ್ದೆ. "ಏನ್ರೀ, ವಿಮಾನ ಹತ್ತಿ ಬಂದರೂ ಹೊಲಿಗೆನೇ ನೋಡ್ತೀರಲ್ಲ" ಅಂದಳು ಹೆಂಡತಿ. ಅಷ್ಟು ಹೇಳಿ ಹೋದವಳು ಮುಕ್ಕಾಲು ಗಂಟೆ ಸಿಗಲೇ ಇಲ್ಲ. ಆ ಸಲ ಒಂದೇ ಸಿಮ್ ತಗೊಂಡಿದ್ದೆವು, ಅದು ನನ್ನ ಹತ್ತಿರ. ಒಂದೊಂದೇ ಮಹಡಿ ಹುಡುಕಿ ಹತ್ತಿ ಇಳಿದೆ. ಕೊನೆಗೆ ಮಸಾಲೆ ಸಾಲಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಇದೆಯಾ ಅಂತ ನೋಡ್ತಾ ನಿಂತಿದ್ದಳು!

ಇನ್ನೊಂದು ದಡ್ಡತನ ಪೂರ್ತಿ ನನ್ನದೇ. ಪ್ರವಾಸಿಗರು ಒಂದೇ ಅಂಗಡಿಯಲ್ಲಿ ಕನಿಷ್ಠ 100 ಸಿಂಗಪುರ ಡಾಲರ್ ಖರೀದಿ ಮಾಡಿದರೆ ಅಲ್ಲಿನ ಜಿಎಸ್‌ಟಿಯನ್ನು ವಿಮಾನ ನಿಲ್ದಾಣದಲ್ಲಿ ವಾಪಸ್ ಕೇಳಬಹುದು. ಆಗ ಶೇ 7 ಇತ್ತು, 2024ರಿಂದ ಶೇ 9. ಆದರೆ ಬಿಲ್ ಮಾಡಿಸುವಾಗಲೇ ಪಾಸ್‌ಪೋರ್ಟ್ ತೋರಿಸಬೇಕು. ನಮ್ಮ ಪಾಸ್‌ಪೋರ್ಟ್ ಹೋಟೆಲ್‌ನಲ್ಲಿ ಇಟ್ಟು ಬಂದ ಬ್ಯಾಗಿನೊಳಗೆ, ಬೀಗ ಹಾಕಿಕೊಂಡು ಮಲಗಿತ್ತು.

ಸಾಮಾನು ಹೊತ್ತು ಮೆಟ್ರೋದಲ್ಲಿ ಹೋಗೋಣ ಅಂತ ಲೆಕ್ಕ ಹಾಕಿದೆ. ಫೇರರ್ ಪಾರ್ಕ್‌ನಿಂದ ಔಟ್ರಮ್ ಪಾರ್ಕ್, ಅಲ್ಲಿ ಬದಲಿಸಿ ತಾನಾ ಮೇರಾ, ಮತ್ತೆ ಬದಲಿಸಿ ಚಾಂಗಿ. ಉಸಿರು ಹಿಡಿದು ಟ್ಯಾಕ್ಸಿ ಹತ್ತಿದೆವು.

ಈಗ ಜ್ಯುವೆಲ್. 2019ರಲ್ಲಿ ಶುರುವಾದದ್ದು, ಒಂದನೇ ಟರ್ಮಿನಲ್‌ಗೆ ಅಂಟಿಕೊಂಡಿದೆ. ಬ್ಯಾಗು ದುಡ್ಡು ಕೊಟ್ಟು ಇಡುವ ಜಾಗ ಅಲ್ಲೇ ಇದೆ. ಅದನ್ನು ಇಳಿಸಿದ ಕ್ಷಣವೇ ಅರ್ಧ ಆಯಾಸ ಹೋಯಿತು. ಒಳಗೆ ಗಾಜಿನ ಸೂರಿನ ನಡುವಿನಿಂದ 40 ಮೀಟರ್ ಎತ್ತರದ ಜಲಪಾತ ಬೀಳುತ್ತದೆ. ಕಟ್ಟಡದೊಳಗಿನ ಜಲಪಾತಗಳಲ್ಲಿ ಜಗತ್ತಿಗೇ ಎತ್ತರದ್ದು. ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಗಿಡಮರ, ನೀರಿನ ಪಕ್ಕದಲ್ಲೇ ಟರ್ಮಿನಲ್‌ಗಳ ನಡುವೆ ಓಡಾಡುವ ಪುಟ್ಟ ರೈಲು. ಇಷ್ಟು ನೋಡಲು ಟಿಕೆಟ್ ಇಲ್ಲ. ಮಗಳು ರೈಲು ಎಣಿಸುತ್ತಾ ಕೂತಳು.

ಅವ್ವ ನಮ್ಮ ತುಂಗಭದ್ರಾ ಡ್ಯಾಮಿನ ಗೇಟು ತೆಗೆದಾಗ ಬರುವ ನೀರು ನೋಡಿದವಳು. ಇದಕ್ಕೆಲ್ಲಾ ಬೆರಗಾಗುವವಳಲ್ಲ. "ಇಷ್ಟು ನೀರು ಸುಮ್ನೆ ಬಿಡ್ತಾರಲ್ಲೋ" ಅಂದಳು.

"ಮಳೆ ನೀರವ್ವ. ಹಿಡಿದಿಟ್ಟು ಬಿಡ್ತಾರೆ."

"ಹಿಡಿಯೋಕೆ ಮೊದಲು ಬೀಳಬೇಕಲ್ಲಪ್ಪ" ಅಂದು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

ಆದರೆ ಜ್ಯುವೆಲ್‌ನಲ್ಲಿ ಕೂತ ಮೇಲೆ ಸಿಂಗಪುರ ಮುಗಿದಂತೆಯೇ. ಮೂರು ಗಂಟೆಗೆಲ್ಲಾ ನಾನು ಫೋನ್ ತೆಗೆದು ಹೊಲಿಗೆ ಯೂನಿಟ್‌ನಲ್ಲಿ ಕರೆಂಟ್ ಇದೆಯಾ, ಬಟ್ಟೆಯ ಥಾನ್ ಬಂತಾ ಅಂತ ಕೇಳ್ತಿದ್ದೆ. ಲಿಟಲ್ ಇಂಡಿಯಾದಲ್ಲಿ ಹಾಗಲ್ಲ. ಸೆರಂಗೂನ್ ರಸ್ತೆಯ ಮಲ್ಲಿಗೆ ವಾಸನೆ, ಟೆಕ್ಕಾ ಮಾರುಕಟ್ಟೆಯ ಗದ್ದಲ, ಕೊನೆ ಗಳಿಗೆವರೆಗೂ ಊರಿನೊಳಗೇ ಇರುತ್ತೀರಿ. ಊಟವೂ ಟೆಕ್ಕಾದಲ್ಲೇ ಅಗ್ಗ.

ಹಾಗಿದ್ದರೂ ನನ್ನ ಮತ ಜ್ಯುವೆಲ್‌ಗೆ. ಕಾರಣ ಸಿಂಗಪುರದಲ್ಲಿಲ್ಲ, ನಮ್ಮ ರಸ್ತೆಯಲ್ಲಿದೆ. ಬೆಂಗಳೂರಿನವರಿಗೆ ವಿಮಾನ ಇಳಿದರೆ ಪ್ರವಾಸ ಮುಗೀತು. ನಮಗೆ ಅಲ್ಲಿಂದ ಅನಂತಪುರದ ಮೇಲೆ ಇನ್ನೂ ಐದಾರು ಗಂಟೆ ಕಾರು. ನಾಲ್ಕೂವರೆ ಗಂಟೆ ವಿಮಾನದಲ್ಲಿ ಕಾಲು ಮಡಚಿ ಕೂತ ಮೇಲೆ ಇದು. 2018ರಲ್ಲಿ ಪೆನುಕೊಂಡ ದಾಟುವಷ್ಟರಲ್ಲಿ ಹೆಂಡತಿಯ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಡ್ರೈವರ್‌ಗೆ ಹೇಳಿ ಗಾಡಿ ನಿಲ್ಲಿಸಿ, ಡಿಕ್ಕಿಯಿಂದ ಸೂಟ್‌ಕೇಸ್ ತೆಗೆಸಿ, ಹಸಿರು ಸೀಸೆಯ ಮುಚ್ಚಳ ತೆಗೆದು ಎಣ್ಣೆ ತಿಕ್ಕಿಕೊಂಡಳು. ಬಳ್ಳಾರಿ ಮುಟ್ಟುವವರೆಗೂ ಕಾರಿನ ತುಂಬಾ ಅದೇ ವಾಸನೆ. ಈ ಸಲ ಅವ್ವನೂ ನಿದ್ದೆ ಮಾಡಿಕೊಂಡೇ ಬಂದಳು.

ಮುಸ್ತಫಾಕ್ಕೆ ಹಿಂದಿನ ದಿನ ಸಂಜೆಯೇ ಹೋಗಿ, ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು. ರಾತ್ರಿ ರೂಮಿನಲ್ಲಿ ಬ್ಯಾಗು ತೂಗಿ ನೋಡುವುದಕ್ಕೂ ಟೈಮ್ ಸಿಗುತ್ತೆ. ಹೆಂಡತಿ ಮಾತ್ರ ಇದಕ್ಕೆ ಒಪ್ಪಿಲ್ಲ. 2024ರಲ್ಲಿ ಎಣ್ಣೆ ಸೀಸೆ ತರಲಿಲ್ಲ ಅಂತ ಅತ್ತಿಗೆ ಇವತ್ತಿಗೂ ಕೇಳೋದು ಅವಳನ್ನೇ ಅಲ್ವಾ.