ಮುಂಬೈ ಬಿಟ್ಟು ಬೆಂಗಳೂರಿಗೆ ಬಂದೆವು: ಇಬ್ಬರು ಗಂಡಸರ ಸಂಸಾರಕ್ಕೆ ಯಾವ ಊರು ಮೇಲು?

ನನ್ನ ಓಟು ಬೆಂಗಳೂರಿಗೆ. ನಾನು ದಾವಣಗೆರೆ ಕಡೆಯವನು, ಗೇ. ನನ್ನ ಸಂಗಾತಿಯ ಜೊತೆ ಮುಂಬೈನಲ್ಲಿ ಸಂಸಾರ ಮಾಡಿದ್ದೇನೆ, ಈಗ ಬೆಂಗಳೂರಿನಲ್ಲಿ ಮಾಡುತ್ತಿದ್ದೇನೆ. ಊರು ಬಿಟ್ಟು ಎಲ್ಲಿಗೆ ಹೋಗೋದು ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮಂಥವರು ಹೆಮ್ಮೆಯಿಂದ ಬೀದಿಗಿಳಿಯುವ ಪ್ರೈಡ್ ಮೆರವಣಿಗೆ ನೋಡಿ ಊರು ಆರಿಸಬೇಡಿ. ಕೋಲ್ಕತ್ತಾದಲ್ಲಿ 1999ರಲ್ಲೇ ಶುರುವಾಯಿತು. ಬೆಂಗಳೂರು, ಮುಂಬೈ, ದೆಹಲಿ ಮೂರರಲ್ಲೂ 2008ರಲ್ಲಿ ಬಂತು. ನಾನೂ ಖುಷಿಯಿಂದ ಹೋಗುತ್ತೇನೆ. ಆದರೆ ಅದು ವರ್ಷಕ್ಕೊಂದು ದಿನ. ದಿನಾ ಬೇಕಾಗೋದು ಬಾಡಿಗೆ ಮನೆ.

ಮುಂಬೈ ನಮ್ಮನ್ನು ಸೋಲಿಸಿದ್ದು ಅಲ್ಲೇ. ಅಲ್ಲಿ ಫ್ಲ್ಯಾಟಿನ ಓನರ್ ಒಪ್ಪಿದರೆ ಮುಗಿಯೋದಿಲ್ಲ, ಹೌಸಿಂಗ್ ಸೊಸೈಟಿಯ ಕಮಿಟಿಯೂ ಹೂಂ ಅನ್ನಬೇಕು. ಓನರ್‌ಗೆ ನಾವು ಇಷ್ಟವಾಗಿದ್ದೆವು, ಟೋಕನ್ ದುಡ್ಡೂ ಕೊಟ್ಟಾಗಿತ್ತು. ಕಮಿಟಿಯವರು ಕರೆಸಿ, ಬ್ಯಾಚುಲರ್‌ಗಳಿಗೆ ಕೊಡೋದಿಲ್ಲ, ಫ್ಯಾಮಿಲಿಗೆ ಮಾತ್ರ ಅಂದರು. ನಾವೂ ಫ್ಯಾಮಿಲಿಯೇ ಅಲ್ವಾ? ತೋರಿಸೋದಕ್ಕೆ ಒಂದು ಕಾಗದ ಬೇಕಲ್ಲ. ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಭಯ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಹೋಯಿತು. ಮದುವೆಯ ಹಕ್ಕು ಮಾತ್ರ ಸಿಗಲಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟುಬಿಟ್ಟಿತು.

ಕೊನೆಗೆ ಬೇರೆ ಕಡೆ ಕಸಿನ್ಸ್ ಅಂತ ಹೇಳಿಕೊಂಡು ಸೇರಿದೆವು. ಅಗ್ರಿಮೆಂಟ್ 11 ತಿಂಗಳಿಗೆ. ಮುಗಿದಾಗಲೆಲ್ಲ ಮತ್ತೆ ಬ್ರೋಕರ್, ಮತ್ತೆ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್, ಮತ್ತೆ ಅದೇ ಸುಳ್ಳು. ವಾಚ್‌ಮನ್ ಕೇಳಿದರೂ ಚಿಕ್ಕಪ್ಪನ ಮಗ ಅನ್ನಬೇಕು. ನಮ್ಮ ಮನೆಯೊಳಗೇ ಹೆದರಿಕೊಂಡು ಬದುಕಿದೆವು. ನನಗೆ ಅದು ಸಾಕಾಯಿತು.

ಬೆಂಗಳೂರಿನಲ್ಲಿ ಇವತ್ತಿಗೂ ಬಿಡಿ ಮನೆಗಳು ಸಿಗುತ್ತವೆ. ಕೆಳಗೆ ಓನರ್, ಮೇಲೆ ಬಾಡಿಗೆಯವರು. ಒಪ್ಪಿಸಬೇಕಾದ್ದು ಒಂದು ಮನೆಯವರನ್ನು ಮಾತ್ರ, ಅದೂ ಕನ್ನಡದಲ್ಲಿ. ನಮ್ಮ ಓನರ್ ಆಂಟಿ ಮೊದಲ ದಿನ ಕೇಳಿದ್ದು ನೀರಿನ ಬಗ್ಗೆ, ನಾನ್‌ವೆಜ್ ಬಗ್ಗೆ. ಪರಿಚಯ ಬೆಳೆದ ಮೇಲೆ ನಿಜ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮ ಮನೆಯವರಿಗೆ ಗೊತ್ತಾ?" ಅಂತ ಕೇಳಿದರು, ಅಷ್ಟೇ. ಎಲ್ಲ ಓನರ್‌ಗಳೂ ಹೀಗಿರೋದಿಲ್ಲ, ಮದುವೆ ಯಾವಾಗ ಅಂತ ತಲೆ ತಿನ್ನುವವರೂ ಇದ್ದಾರೆ. ದೊಡ್ಡ ಅಪಾರ್ಟ್‌ಮೆಂಟಿಗೆ ಹೋದರೆ ಇಲ್ಲೂ ಅದೇ ಕಮಿಟಿ ಕಾಟ. ಟ್ರಾನ್ಸ್ ಗೆಳತಿಯರಿಗಂತೂ ಮನೆ ಸಿಗೋದು ಇಲ್ಲಿಯೂ ತುಂಬಾ ಕಷ್ಟ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ 2021ರಿಂದ ಅವರಿಗೆ ಶೇಕಡಾ 1 ಮೀಸಲಾತಿ ಇದೆ, ಬಾಡಿಗೆ ಮನೆಗೆ ಅಂಥ ಆಸರೆ ಇಲ್ಲ.

ಜನರ ಒಡನಾಟದ ಲೆಕ್ಕದಲ್ಲಿ ಮುಂಬೈ ಕಡಿಮೆಯೇನಲ್ಲ. ನಮ್ಮಂಥವರಿಗಾಗಿ ಕೆಲಸ ಮಾಡುವ ಹಮ್‌ಸಫರ್ ಟ್ರಸ್ಟ್ 1994ರಿಂದ ಇದೆ. ನಮ್ಮಂಥವರ ಬದುಕಿನ ಸಿನಿಮಾಗಳ ಕಶಿಶ್ ಚಿತ್ರೋತ್ಸವ 2010ರಲ್ಲಿ ಶುರುವಾಯಿತು, ಸಿನಿಮಾ ಹುಚ್ಚಿದ್ದವರಿಗೆ ಹಬ್ಬ. ರಾತ್ರಿ ತುಂಬಾ ತಡವಾದರೂ ಲೋಕಲ್ ರೈಲು ಹತ್ತಿ ಮನೆ ಸೇರಬಹುದು, ಬೆಂಗಳೂರಿನಲ್ಲಿ ಆ ಸುಖ ಇಲ್ಲ. ಇಲ್ಲಿ 1994ರಲ್ಲೇ ಹುಟ್ಟಿದ, ನಮ್ಮಂಥವರು ಸೇರಿ ಮಾತಾಡುವ ಗುಡ್ ಆಸ್ ಯು ಅನ್ನೋ ಗುಂಪಿದೆ. ಅದರ ಗುರುವಾರದ ಸಭೆಗೆ ನಾನು ಹೋದಾಗ ಮಾತು ಜಾಸ್ತಿ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಆದರೆ ನಾನು ಕನ್ನಡದಲ್ಲಿ ಶುರು ಮಾಡಿದ ತಕ್ಷಣ ಪಕ್ಕದವರು ಕನ್ನಡಕ್ಕೆ ತಿರುಗಿದರು. ಅಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ಹೇಳೋದಕ್ಕೆ ನನಗೆ ಯಾವತ್ತೂ ಆಗಿಲ್ಲ.

ತಮಿಳು ಬರುತ್ತೆ, ಮನೆಯವರು ಪೊಲೀಸ್ ಕಂಪ್ಲೇಂಟ್ ಕೊಡುವ ಭಯವೂ ಇದೆ ಅನ್ನುವವರು ಚೆನ್ನೈ ನೋಡಬಹುದು. ಒಪ್ಪಿ ಜೊತೆಗಿರುವ ವಯಸ್ಕ ಜೋಡಿಯನ್ನು ಕಾಣೆಯಾದವರ ದೂರಿನ ನೆಪದಲ್ಲಿ ಪೊಲೀಸರು ಪೀಡಿಸಬಾರದು ಎಂದು ಮದ್ರಾಸ್ ಹೈಕೋರ್ಟ್ 2021ರ ಜೂನ್‌ನಲ್ಲಿ ಹೇಳಿದೆ.

ಬೆಂಗಳೂರಿನ ದೊಡ್ಡ ಪೆಟ್ಟು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ ಕೇಳುವವರು ಈಗಲೂ ಇದ್ದಾರೆ. ಅದನ್ನು ಹೊಂದಿಸೋದಕ್ಕೆ ನಾವು ಬೈಕ್ ಮಾರಿದೆವು. ಅಷ್ಟು ದುಡ್ಡು ಕೈಯಲ್ಲಿ ಇಲ್ಲದಿದ್ದರೆ ಮೊದಲು ಪಿಜಿ ಸೇರಿ, ಇಬ್ಬರೂ ಸೇರಿ ಜಾಯಿಂಟ್ ಅಕೌಂಟ್ ತೆರೆದು ಉಳಿಸಿ. ನಮ್ಮಂಥ ಜೋಡಿಗಳಿಗೆ ಅದಕ್ಕೆ ಅಡ್ಡಿಯಿಲ್ಲ ಅಂತ ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನಾಮಿನಿ ಜಾಗದಲ್ಲೂ ಸಂಗಾತಿಯ ಹೆಸರನ್ನೇ ಬರೆಸಿ.